ನಿಂತಲ್ಲೇ ಇಳಿಯುವ ಬ್ಯಾಟರಿ: ಹಳೆಯ ವ್ಯಾನಿನಲ್ಲಿ ಕರೆಂಟ್ ಸೋರಿಕೆಯನ್ನು ಪತ್ತೆ ಹಚ್ಚುವ ಬಗೆ

ಶನಿವಾರ ಸಂಜೆ ಚೆನ್ನಾಗಿಯೇ ಓಡಿದ ವ್ಯಾನ್ ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಎಂದು ಸುಮ್ಮನಾಗುವುದು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಪರಿಚಿತವಾದ ತೊಂದರೆ. ಆಗ ಹೊಸ ಬ್ಯಾಟರಿ ಹಾಕಿಸಿಬಿಡೋಣ ಎನಿಸುವುದು ಸಹಜ. ಆದರೆ ಗಾಡಿ ನಿಂತಾಗ ಕರೆಂಟ್ ಎಳೆಯುವ ತಂತಿ ಹಾಗೆಯೇ ಉಳಿದರೆ ಹೊಸ ಬ್ಯಾಟರಿಯೂ ಅದೇ ರೀತಿ ಇಳಿಯುತ್ತದೆ. ಡಿಸಿ 10 ಆಂಪಿಯರ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಮತ್ತು 10 ನಂಬರಿನ ಪಾನಾ ಇದ್ದರೆ ಈ ತನಿಖೆಯ ಬಹುಪಾಲನ್ನು ಮನೆಯ ಮುಂದೆಯೇ ಮಾಡಬಹುದು.

ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಬೇಕು. ಅದನ್ನು ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ನಂತರ ಮೈನಸ್ ತಂತಿಯನ್ನು ಬಿಚ್ಚಿ ಒಂದು ರಾತ್ರಿ ಹಾಗೆಯೇ ಇಡಿ. ಬೆಳಿಗ್ಗೆ ಅದು 12.2ಕ್ಕೆ ಇಳಿದಿದ್ದರೆ ದೋಷ ಬ್ಯಾಟರಿಯೊಳಗೇ ಇದೆ. ವೈರಿಂಗನ್ನು ಕೆದಕುವ ಅಗತ್ಯವಿಲ್ಲ. ಎಂಜಿನ್ ಚಾಲೂ ಇದ್ದಾಗ ಟರ್ಮಿನಲ್‌ಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಸಿಗಬೇಕು. ಸಿಗದಿದ್ದರೆ ಡೈನಮೋ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಿಂದ ಅಮರಗೋಳದ ಎಪಿಎಂಸಿಯವರೆಗೆ ಹತ್ತು ಕಡೆ ನಿಲ್ಲಿಸಿ, ಹತ್ತು ಸಲ ಸೆಲ್ಫ್ ಹೊಡೆಯುವ ಗಾಡಿಯಲ್ಲಿ ಯಾವ ಸೋರಿಕೆಯೂ ಇಲ್ಲದೆ ಬ್ಯಾಟರಿ ಸೊರಗಬಹುದೆಂಬುದನ್ನೂ ಗಮನದಲ್ಲಿಡಬೇಕು.

ಬ್ಯಾಟರಿಯ ಮೇಲ್ಭಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಗದಗ ಕಡೆಯ ಧೂಳು ಆಸಿಡ್ ತೇವದೊಡನೆ ಸೇರಿದರೆ ಅಲ್ಲಿ ಕರೆಂಟ್ ಹರಿಯುವಂಥ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ ಕಂಬಕ್ಕೆ ಒತ್ತಿಹಿಡಿದು, ಕೆಂಪು ಕಡ್ಡಿಯನ್ನು ಪ್ಲಾಸ್ಟಿಕ್ ಮೈಮೇಲೆ ನಿಧಾನವಾಗಿ ಸರಿಸಿದಾಗ ಅರ್ಧ ವೋಲ್ಟೋ ಒಂದು ವೋಲ್ಟೋ ಕಾಣಿಸಿದರೆ ಆ ಪದರವೇ ಸೋರುತ್ತಿದೆ ಎಂದರ್ಥ. ಮುಚ್ಚಳಗಳನ್ನು ಬಿಗಿಮಾಡಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು.

ಇಷ್ಟೂ ಸರಿಯಿದ್ದರೆ ಸೋರಿಕೆಯನ್ನು ಅಳೆಯಬೇಕು. ಕೀಲಿಯನ್ನು ತೆಗೆದು ದೂರವಿಡಿ. ಬ್ಯಾಟರಿಗೆ ಕೈ ಎಟುಕಲು ಬಾಗಿಲು ತೆರೆದಿರಲೇಬೇಕಾದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಚೌಕಟ್ಟಿನ ಗುಂಡಿಯನ್ನೂ ಅದುಮಿಟ್ಟು, ಬಾಗಿಲು ಮುಚ್ಚಿದಂತೆ ಮಾಡಿ. ಮೈನಸ್ ತಂತಿಯನ್ನು ಬಿಚ್ಚಿ, ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರಕ್ಕೆ ಹಾಕಿ, ಬಿಚ್ಚಿದ ತಂತಿ ಮತ್ತು ಮೈನಸ್ ಕಂಬದ ನಡುವೆ ಮೀಟರನ್ನು ಸೇರಿಸಿ. ಮೀಟರ್ ಹೀಗೆ ನಡುವೆ ಇರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು. ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಮೊದಲ ಅಂಕಿಯನ್ನು ನಂಬಬೇಡಿ, ಏಕೆಂದರೆ ಎಲೆಕ್ಟ್ರಾನಿಕ್ ಘಟಕಗಳು ನಿದ್ರೆಗೆ ಹೋಗಲು ಅರ್ಧ ಗಂಟೆಯೂ ಬೇಕಾಗಬಹುದು. ಟರ್ಮಿನಲ್ ಮುಟ್ಟಿಸಿ, ಕಿಡಿ ಹಾರಿತೆಂದು ಶಾರ್ಟ್ ಇದೆ ಎನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಈಗಿನ ಗಾಡಿಗಳಲ್ಲಿ ದೋಷವಿಲ್ಲದಿದ್ದರೂ ಆ ಕ್ಷಣಕ್ಕೆ ಸಣ್ಣ ಕಿಡಿ ಹಾರುತ್ತದೆ.

ಕೊನೆಗೆ ನಿಲ್ಲುವ ಅಂಕಿ 50 ಮಿಲಿಆಂಪಿಯರ್ (ಮೀಟರಿನಲ್ಲಿ 0.05) ಒಳಗಿದ್ದರೆ ಚಿಂತೆಯಿಲ್ಲ. 300 ಮಿಲಿಆಂಪಿಯರ್ (0.30) ಇದ್ದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಅಂದರೆ 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧಕ್ಕೆ ಬರುತ್ತದೆ.

ಈಗ ಫ್ಯೂಸುಗಳ ಸರದಿ. ಒಂದೊಂದಾಗಿ ಕೀಳುತ್ತ ಹೋದರೆ ಅಂಕಿ ಥಟ್ಟನೆ ಇಳಿಯುವ ಕಡೆ ಕಳ್ಳ ಸಿಗುತ್ತಾನೆ. ಆದರೆ ಫ್ಯೂಸನ್ನು ತೆಗೆದು ಮತ್ತೆ ಹಾಕಿದಾಗ ಮಲಗಿದ್ದ ಘಟಕಗಳು ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ. ಅದಕ್ಕಿಂತ ನಾಜೂಕಾದ ದಾರಿಯೊಂದಿದೆ. ಮೈನಸ್ ತಂತಿಯನ್ನು ಬ್ಯಾಟರಿಗೆ ಮರಳಿ ಜೋಡಿಸಿ, ಘಟಕಗಳು ಮಲಗುವವರೆಗೆ ಕಾದು, ಕೆಂಪು ತಂತಿಯನ್ನು ವೋಲ್ಟ್ ರಂಧ್ರಕ್ಕೆ ಬದಲಿಸಿ ಮೀಟರನ್ನು ಮಿಲಿವೋಲ್ಟಿಗೆ ಇಡಿ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಕಡ್ಡಿಗಳನ್ನು ಮುಟ್ಟಿಸಿ. ಸೊನ್ನೆ ಬಂದರೆ ಆ ಸಾಲಿನಲ್ಲಿ ಕರೆಂಟ್ ಹರಿಯುತ್ತಿಲ್ಲ, ಸ್ವಲ್ಪವಾದರೂ ಅಂಕಿ ಕಂಡರೆ ಹರಿಯುತ್ತಿದೆ.

ರೂಮ್ ಲೈಟಿನ ಸಾಲಿನಲ್ಲಿ ಅಂಕಿ ಕಂಡರೆ ಸರಿಯುವ ಬಾಗಿಲಿನ ಗುಂಡಿಯನ್ನು ನೋಡಿ. ಅದರ ರಬ್ಬರ್ ಹರಿದು ನೀರು ಇಳಿದರೆ ತುಕ್ಕು ಹಿಡಿದು ಗುಂಡಿ ಒಳಗೆ ಹೋಗದೆ ನಿಲ್ಲುತ್ತದೆ. 10 ವ್ಯಾಟಿನ ಬಲ್ಬ್ ರಾತ್ರಿಯಿಡೀ ಉರಿದರೆ 8 ಆಂಪಿಯರ್-ಗಂಟೆ ಮುಗಿಯುತ್ತದೆ. ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿದರೆ ದೀಪ ಆರುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಕದಲದಿದ್ದರೆ ಪ್ಲಸ್ ಟರ್ಮಿನಲ್‌ಗೆ ನೇರವಾಗಿ ಸುತ್ತಿರುವ ತಂತಿಗಳನ್ನು ಹುಡುಕಿ. ನನ್ನ ಅನುಮಾನ ಯಾವಾಗಲೂ ಮೊದಲು ಹಳೆಯ ಮಾಲೀಕರ ಕೈಚಳಕದ ಮೇಲೆಯೇ ಹೋಗುತ್ತದೆ: ಮ್ಯೂಸಿಕ್ ಸಿಸ್ಟಮ್, ಆಂಪ್ಲಿಫೈಯರ್, ಬಣ್ಣದ ಎಲ್‌ಇಡಿ ಪಟ್ಟಿ, ರಿವರ್ಸ್ ಕ್ಯಾಮೆರಾ, ಮರೆತುಹೋದ ಜಿಪಿಎಸ್ ಪೆಟ್ಟಿಗೆ. ಬರೀ ಟೇಪ್ ಸುತ್ತಿದ ಜೋಡಣೆ ಧಾರವಾಡದ ಒಂದು ಮಳೆಗಾಲಕ್ಕೇ ಹಸಿರುಗಟ್ಟುತ್ತದೆ. ಹಳದಿ ಬೋರ್ಡಿನ ಗಾಡಿಯಾಗಿದ್ದರೆ ಜಿಪಿಎಸ್ ಸಾಧನ ಕಾನೂನಿನ ಪ್ರಕಾರ ಕಡ್ಡಾಯವೇ ಎಂದು ವಿಚಾರಿಸದೆ ಕತ್ತರಿಸಬೇಡಿ.

ಇವೆಲ್ಲವನ್ನೂ ಬೇರ್ಪಡಿಸಿದ ಮೇಲೂ ಸೋರಿಕೆ ಉಳಿದರೆ ಡೈನಮೋದೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸುಟ್ಟಿರಬಹುದು. ಬ್ಯಾಟರಿಯ ಮೈನಸ್ ಬಿಚ್ಚಿದ ನಂತರವೇ ಡೈನಮೋದ ದಪ್ಪ ತಂತಿಯನ್ನು ತೆಗೆದು, ಅದರ ತುದಿಗೆ ಟೇಪ್ ಸುತ್ತಿ, ಮೀಟರನ್ನು ಮೊದಲಿನಂತೆ ಸೇರಿಸಿ ಅಳೆಯಿರಿ. ಅಂಕಿ ಇಳಿದರೆ ಡೈನಮೋವನ್ನು ರಿಪೇರಿಗೆ ಕೊಡಬೇಕು.

ಮ್ಯೂಸಿಕ್ ಸಿಸ್ಟಮ್ ಸಿಕ್ಕಿಬಿದ್ದರೆ ಕಿತ್ತೆಸೆಯಬೇಕಿಲ್ಲ. ನೆನಪಿಗೆಂದು ಸದಾ ಕರೆಂಟ್ ಪಡೆಯುವ ಅದರ ಹಳದಿ ತಂತಿಯನ್ನು, ಹೊರೆ ತಾಳಬಲ್ಲ ಕೀಲಿಯ ಸಾಲಿಗೆ ಫ್ಯೂಸಿನೊಡನೆ ಜೋಡಿಸಿದರೆ ಸಾಕು. ಆಗ ಎಂಜಿನ್ ಆರಿಸಿದಾಗಲೆಲ್ಲ ರೇಡಿಯೋದ ಸ್ಟೇಷನ್ನುಗಳು ಅಳಿಸಿಹೋಗಬಹುದು.