ಕರಗಿಹೋದ ಮಂಜುಗಡ್ಡೆಯ ಲೆಕ್ಕ

ನಾನು ಅಧ್ಯಯನ ಮಾಡುವ ಮಂಜುಗಡ್ಡೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಅದು ಕರಗಿ ಸಾವಿರಾರು ವರ್ಷಗಳಾಗಿವೆ. ಅಂಟಾರ್ಕ್ಟಿಕಾದ ನೆಲದ ಮೇಲೆ ಬಿದ್ದ ಹಿಮ ಪದರದ ಮೇಲೆ ಪದರ ಕೂತು ಲಕ್ಷಾಂತರ ವರ್ಷ ಉಳಿಯುತ್ತದೆ, ಕೊರೆದು ತೆಗೆಯಬಹುದು. ನನ್ನದು ಅದರ ಸುತ್ತ ಕಡಲ ನೀರೇ ಹೆಪ್ಪುಗಟ್ಟಿದ ಗಡ್ಡೆ, ಅದು ಹಾಗಲ್ಲ. ಚಳಿಗಾಲದಲ್ಲಿ ಹಬ್ಬುತ್ತದೆ, ಬೇಸಿಗೆಯಲ್ಲಿ ಬಹುಪಾಲು ಕರಗುತ್ತದೆ. ಉಪಗ್ರಹಗಳು ಅದನ್ನು ಸತತವಾಗಿ ಅಳೆಯಲು ಶುರು ಮಾಡಿದ್ದೇ 1978ರ ಕೊನೆಗೆ. ಸಾವಿರಾರು ವರ್ಷ ಹಿಂದಕ್ಕೆ ಹೋಗಬೇಕಾದರೆ ಕಡಲ ತಳದ ಕೆಸರನ್ನೇ ಕೇಳಬೇಕು.

ನಾನು ಇಲ್ಲಿಗೆ ಬಂದ ದಾರಿ ಕರಾವಳಿಯದ್ದೇ. ಕುಂಬಳೆಯ ಕನ್ನಡ ಮಾಧ್ಯಮ ಶಾಲೆ, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಭೂವಿಜ್ಞಾನ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ, ಆಮೇಲೆ ಸಂಶೋಧನೆಗೆ ಗೋವಾ. ದೋನಾ ಪೌಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ, ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಈ ವಿಷಯ ಓದುವವರಿಗೆ ಗೋವಾ ತಪ್ಪಿದ್ದಲ್ಲ.

ಒಮ್ಮೆ ಊರಿನ ಹೈಸ್ಕೂಲಿನಲ್ಲಿ ಮಾತಾಡುವಾಗ ಹುಡುಗಿಯೊಬ್ಬಳು ಕೇಳಿದಳು, “ಟೀಚರೇ, ಕರಗಿದ ಮೇಲೆ ಎಂತ ಉಳೀತದೆ?” ನನ್ನ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ ಇರುವುದು.

ಉಳಿಯುವುದು ಡಯಾಟಮ್. ಬರಿಗಣ್ಣಿಗೆ ಕಾಣದ ಪಾಚಿ, ಮೈಗೆ ಸಿಲಿಕಾದ ಚಿಪ್ಪು. ಕೆಲವು ಜಾತಿಗಳಿಗೆ ಮಂಜುಗಡ್ಡೆ ಇರುವ ನೀರೇ ಬೇಕು, ಕೆಲವಕ್ಕೆ ತೆರೆದ ಕಡಲು. ಸತ್ತಾಗ ಚಿಪ್ಪು ತಳಕ್ಕೆ ಇಳಿದು ಕೆಸರಿನಲ್ಲಿ ಸೇರುತ್ತದೆ. ಹಡಗಿನಿಂದ ಭಾರದ ಕೊಳವೆ ಇಳಿಸಿ ಆ ಕೆಸರನ್ನು ಉದ್ದಕ್ಕೆ ಎತ್ತುತ್ತೇವೆ. ಅದನ್ನು ಕೋರ್ ಅನ್ನುತ್ತೇವೆ. ಕೆಳಗೆ ಹೋದಷ್ಟೂ ಹಳೆಯದು.

ಹಡಗಿನ ಫೋಟೋ ನೋಡಿ ಮಕ್ಕಳು ಖುಷಿ ಪಡುತ್ತಾರೆ, ಸರಿ. ಆದರೆ ಈ ವೃತ್ತಿಯ ಹೆಚ್ಚಿನ ಭಾಗ ಕಳೆಯುವುದು ಲ್ಯಾಬಿನಲ್ಲಿ. ಕೋರನ್ನು ಸೀಳಿ ಒಂದೊಂದು ಸೆಂಟಿಮೀಟರಿಗೂ ಚಿಟಿಕೆ ಕೆಸರು ತೆಗೆದು ಬೀಕರಿಗೆ ಹಾಕುತ್ತೇವೆ. ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಕೊಳೆತ ಅಂಶವೆಲ್ಲ ನೊರೆಯಾಗಿ ಉಕ್ಕುತ್ತದೆ. ಸುಣ್ಣದ ಅಂಶ ಹೋಗಲು ಹೈಡ್ರೋಕ್ಲೋರಿಕ್ ಆಮ್ಲ. ಆಮೇಲೆ ಶುದ್ಧ ನೀರು ಹಾಕಿ, ತಳಿಯಲು ಬಿಟ್ಟು, ಮೇಲಿನ ನೀರು ಚೆಲ್ಲಬೇಕು. ಆಮ್ಲ ಪೂರ್ತಿ ಹೋಗುವ ತನಕ ಇದೇ. ಇಲ್ಲಿ ಅವಸರ ಮಾಡಿದರೆ ಸಣ್ಣ ಚಿಪ್ಪುಗಳು ನೀರಿನ ಜೊತೆ ಹೋಗಿಬಿಡುತ್ತವೆ, ಲೆಕ್ಕವೇ ಕೆಡುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದು ಈ ತೊಳೆಯುವ ಕೆಲಸವನ್ನೇ.

ಮೈಕ್ರೋಸ್ಕೋಪಿನಲ್ಲಿ ಸಾವಿರ ಪಟ್ಟು ದೊಡ್ಡದು ಮಾಡಿ ನೋಡಿದರೆ ಒಂದೊಂದರ ಮುಖ ಬೇರೆ. ಫ್ರಾಜಿಲಾರಿಯಾಪ್ಸಿಸ್ ಕರ್ಟಾ ಉದ್ದನೆಯದು, ಒಂದು ತುದಿ ಇನ್ನೊಂದಕ್ಕಿಂತ ತುಸು ಅಗಲ. ಅದು ಜಾಸ್ತಿ ಸಿಕ್ಕಿದರೆ ಅಲ್ಲಿ ಮಂಜುಗಡ್ಡೆ ಇತ್ತು ಎಂದು ಅರ್ಥ. ಅದರ ಸಂಬಂಧಿ ಕರ್ಗುಲೆನ್ಸಿಸ್ ದಪ್ಪ ಗೆರೆಗಳ ಗಟ್ಟಿ ಚಿಪ್ಪಿನದು, ತೆರೆದ ಕಡಲಿನದು. ಒಂದು ಸ್ಯಾಂಪಲ್ಲಿಗೆ 300 ಚಿಪ್ಪಾದರೂ ಎಣಿಸಬೇಕು. ನನಗೆ ಈ ಎಣಿಕೆ ಬೇಸರ ತಂದದ್ದಿಲ್ಲ. ಇದೇ ಥರ ಹಲವು ಕಡೆಯ ಕೋರ್‌ಗಳನ್ನು ಎಣಿಸಿಯೇ ವಿಜ್ಞಾನಿಗಳು ಒಂದು ಅಂದಾಜಿಗೆ ಬಂದದ್ದು: ಸುಮಾರು 21,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಅಂಟಾರ್ಕ್ಟಿಕಾದ ಚಳಿಗಾಲದ ಕಡಲ ಮಂಜುಗಡ್ಡೆ ಈಗಿನದರ ಹೆಚ್ಚುಕಡಿಮೆ ಎರಡು ಪಟ್ಟು ಹಬ್ಬಿತ್ತು.

ಇದು ಬರೀ ಹಳೆಯ ಕಥೆ ಅಲ್ಲ. 2023ರ ಚಳಿಗಾಲದಲ್ಲಿ ಅಲ್ಲಿನ ಕಡಲ ಮಂಜುಗಡ್ಡೆ ಸುಮಾರು 1.7 ಕೋಟಿ ಚದರ ಕಿಲೋಮೀಟರಿಗೇ ನಿಂತಿತು. ಉಪಗ್ರಹಗಳ ದಾಖಲೆಯಲ್ಲೇ ಅತಿ ಕಡಿಮೆ. ಬಿಳಿ ಗಡ್ಡೆ ಬಿಸಿಲನ್ನು ವಾಪಸು ಕಳಿಸುತ್ತದೆ, ಕಪ್ಪು ನೀರು ಹೀರಿಕೊಳ್ಳುತ್ತದೆ. ಹಿಂದೆ ಕಡಲು ಬಿಸಿಯಾದಾಗ ಗಡ್ಡೆ ಎಷ್ಟು ಬೇಗ ಹಿಂದೆ ಸರಿದಿತ್ತು ಅಂತ ತಿಳಿದರೆ, ಮುಂದಿನದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳನ್ನು ಪರೀಕ್ಷಿಸಬಹುದು, ಅಲ್ವಾ?

ಚಿಪ್ಪುಗಳನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ತೆಳುವಾದವು ತಳ ಮುಟ್ಟುವ ಮೊದಲೇ ಕರಗುತ್ತವೆ. ಅದಕ್ಕೇ ಅದೇ ಕೆಸರಿನಲ್ಲಿ ಐಪಿಎಸ್‌ಒ25 ಎಂಬ ಕೊಬ್ಬಿನಂಥ ಪದಾರ್ಥವನ್ನೂ ಹುಡುಕುತ್ತೇವೆ. ಅದನ್ನು ಮಾಡುವ ಡಯಾಟಮ್ ಬೇರೆ, ದಡಕ್ಕೆ ಅಂಟಿದ ಗಡ್ಡೆಯೊಳಗೆ ಬೆಳೆಯುವಂಥದ್ದು. ಈಗ ಕೈಯಲ್ಲಿರುವ ಕೋರಿನ ಒಂದು ಪದರದಲ್ಲಿ ಈ ಪದಾರ್ಥ ಜಾಸ್ತಿ, ಕರ್ಟಾ ಕಡಿಮೆ. ಗಡ್ಡೆ ದಡ ಬಿಟ್ಟು ಕದಲಲೇ ಇಲ್ಲವೋ, ಚಿಪ್ಪು ಕರಗಿಹೋಯಿತೋ? ಆ ಪದರದ ಮೇಲಿನ, ಕೆಳಗಿನ ಸೆಂಟಿಮೀಟರುಗಳನ್ನೂ ಸೇರಿಸಿ ಮೊದಲಿಂದ ಎಣಿಸುತ್ತಿದ್ದೇವೆ.