ಬಹಿಷ್ಕಾರ ಹಾಕಿದ ಊರಿಗೆ ಹೋದಾಗ

ಸುರಪುರ, ಹುಣಸಗಿ ಕಡೆಯ ಹಳ್ಳಿಯೊಂದರಲ್ಲಿ ದಲಿತ ಕೇರಿಗೆ ಬಹಿಷ್ಕಾರ ಹಾಕಿದ ಸುದ್ದಿ ಬಂದರೆ ಖಂಡನಾ ಹೇಳಿಕೆ ಆಮೇಲಿರಲಿ. ಅಂದೇ ಸಂಘಟನೆಯ ಇಬ್ಬರು ಹೊರಡಿ, ಒಬ್ಬರು ಹೆಣ್ಣುಮಗಳಾಗಿರಲಿ. ಅಂಗಡಿಯಿಂದ ಬರಿಗೈಲಿ ಮರಳಿದವರು ಹೆಚ್ಚಾಗಿ ಹೆಂಗಸರೇ.

ಕಿರಾಣಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಟಂಟಂ (ಬಾಡಿಗೆ ಆಟೊ), ಹತ್ತಿ ಬಿಡಿಸುವ ಕೂಲಿ: ಒಂದೊಂದಕ್ಕೂ ದಿನ, ಹೊತ್ತು, ಕೇಳಿದ್ದೇನು, ಸಿಕ್ಕ ಉತ್ತರವೇನು ಬರೆದುಕೊಳ್ಳಿ. "ಕೊಡಬ್ಯಾಡ ಅಂದಾರ, ಕೊಟ್ರ ನನಗ ದಂಡ ಹಾಕ್ತಾರ" ಎಂದ ಅಂಗಡಿಯವನ ಮೇಲೆ ಹರಿಹಾಯಬೇಡಿ. ದಂಡದ ಮಾತು ಆಡಿದವರು ಯಾರು, ಎಲ್ಲಿ ಕೂತು ಆಡಿದರು ಎಂದು ಕೇಳಿ. ಕೇಸಿನ ಬೇರು ಅಲ್ಲಿದೆ. ಅವನು ಸಾಕ್ಷಿಯಾದರೂ ಆದಾನು. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಈಗ 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. 2015ರ ತಿದ್ದುಪಡಿ ಅದನ್ನು ಸೇರಿಸಿತು.

ಜಾತಿ ಹಿಡಿದು ಬೈದಿದ್ದರೆ ಆ ಬೈಗುಳವನ್ನು ಆಡಿದಂತೆಯೇ ಬರೆಸಿ. ದೂರು ಬರೆದುಕೊಡುವ ಓದಿದವರು "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಎಂದು ಮರ್ಯಾದೆಯಾಗಿ ಬರೆದು ಕೇಸು ಕೆಡಿಸುತ್ತಾರೆ. ಕಟ್ಟೆಯ ಮೇಲೆ ಯಾರ್ಯಾರು ಕೂತಿದ್ದರು ಎಂಬುದೂ ಬೇಕು. ಹೊರಗಿನವರಿಲ್ಲದೆ ನಾಲ್ಕು ಗೋಡೆಯೊಳಗೆ ಆಡಿದ ಮಾತು ಜಾತಿ ನಿಂದನೆಯ ಕಲಮಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಠಾಣೆಯಲ್ಲಿ "ಮೊದಲು ವಿಚಾರಣೆ ಮಾಡ್ತೀವಿ" ಎಂದರೆ ಇದೇ ಕಾಯ್ದೆಯ 18ಎ ಕಲಂ ತೋರಿಸಿ: ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಆದರೂ ತಕರಾರು ತೆಗೆದರೆ ದೂರನ್ನು ಎಸ್ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೂ ಕರೆ ಮಾಡಿ. ಶಾಂತಿ ಸಭೆ ಎಂದು ಕರೆದು ಹೆಬ್ಬೆಟ್ಟು ಒತ್ತಿಸಿಕೊಂಡ ರಾಜಿ ಪತ್ರ ಮುಂದೆ ಆರೋಪಿಗಳ ವಕೀಲರ ಕೈಲಿ ಕಾಣುತ್ತದೆ. ಆ ಸಭೆಗೆ ಸಂತ್ರಸ್ತರನ್ನು ಒಂಟಿಯಾಗಿ ಬಿಡಬೇಡಿ.

ಜಾತಿ ಪ್ರಮಾಣಪತ್ರ ಮೊದಲ ವಾರವೇ ಕೊಡಿಸಿ. ಸರ್ಕಾರದ ಪರಿಹಾರ ನಿಲ್ಲುವುದು ಬಹಳ ಸಲ ಇಷ್ಟಕ್ಕೇ. ಜಾತಿ ನಿಂದನೆಗೆ 1 ಲಕ್ಷ ರೂಪಾಯಿ: ಎಫ್‌ಐಆರ್‌ಗೆ ಶೇ 25, ದೋಷಾರೋಪ ಪಟ್ಟಿಗೆ ಶೇ 50, ಉಳಿದದ್ದು ಶಿಕ್ಷೆಯಾದಾಗ. ಸಮಾಜ ಕಲ್ಯಾಣ ಇಲಾಖೆಗೆ ಬ್ಯಾಂಕ್ ಪಾಸ್‌ಬುಕ್ ಪ್ರತಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ. ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರದ್ದಾದರೆ ಕೇಸು ಬಿದ್ದುಹೋಗಬಹುದು, ಕೂಡಲೇ ಆಕ್ಷೇಪ ಬರೆಯಿರಿ.

ಕೇಸಿಗಿಂತ ಮೊದಲು ಒಲೆ ಉರಿಯಬೇಕು. ಹದಿನೈದು ದಿನಕ್ಕಾಗುವಷ್ಟು ಜೋಳ, ಬೇಳೆ, ಎಣ್ಣೆ ತಲುಪಿಸಿ. ಉದ್ಯೋಗ ಖಾತರಿ ಕೆಲಸಕ್ಕೆ ಪಂಚಾಯಿತಿಗೆ ಲಿಖಿತ ಅರ್ಜಿ ಹಾಕಿಸಿ. ಹಸಿವು ತಡೆಯದೆ ರಾಜಿಗೆ ಒಪ್ಪಿದವರನ್ನು ಆಮೇಲೆ ದೂರಿ ಫಲವಿಲ್ಲ.

ಜಾಮೀನು ಅರ್ಜಿ ಬಂದಾಗ ಸಂತ್ರಸ್ತರ ಮಾತು ಕೇಳಬೇಕೆಂದು 15ಎ ಕಲಂ ಹೇಳುತ್ತದೆ. ಆ ದಿನ ಕೇರಿಯಿಂದ ಕೋರ್ಟಿಗೆ ನಿಮ್ಮ ಗಾಡಿಯೇ ಹೋಗಲಿ. ಊರ ಟಂಟಂ ಅವರನ್ನು ಹತ್ತಿಸಿಕೊಳ್ಳುವುದಿಲ್ಲ.