ಮನೆಗೆ 20 ವರ್ಷದಲ್ಲಿ ಎಷ್ಟು ಖರ್ಚು? ಲೆಕ್ಕ ನಿಮ್ಮ ಫೋನಿನಲ್ಲೇ ಇದೆ

ಮಡಿಕೇರಿ ಕಡೆ ಮನೆ ಕಟ್ಟಿಸುವವರು ಮೊದಲು ಕೇಳುವುದು, ಚದರಕ್ಕೆ ಎಷ್ಟು ಅಂತ. ನಾವೂ ಅದನ್ನೇ ಕೇಳಿ ಕಟ್ಟಿಸಿದೆವು. ಮೂರನೇ ಮಳೆಗಾಲಕ್ಕೆ ತಾರಸಿಯ ಮೂಲೆ ಪಾಚಿಗಟ್ಟಿತು, ಅಡುಗೆಮನೆಯಲ್ಲಿ ಬಕೆಟ್ ಇಡಬೇಕಾಯಿತು. ಒಮ್ಮೆ ಗಾರೆ, ಇನ್ನೊಮ್ಮೆ ವಾಟರ್‌ಪ್ರೂಫಿಂಗ್, ಕೊನೆಗೆ ತಾರಸಿ ಮೇಲೆ ಶೀಟು. ಕೊಡಗಿನಲ್ಲಿ ಹೀಗೆ ಶೀಟು ಹೊದ್ದ ತಾರಸಿ ಮನೆಗಳು ಎಷ್ಟಿವೆ ನೋಡಿ. ಆ ದುಡ್ಡನ್ನು ಕಟ್ಟುವಾಗ ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕಟ್ಟುವ ಖರ್ಚು, ರಿಪೇರಿ, ಬದಲಾವಣೆ ಎಲ್ಲವನ್ನೂ ಸೇರಿಸಿ ನೋಡುವುದಕ್ಕೆ ಲೈಫ್ ಸೈಕಲ್ ಕಾಸ್ಟ್ ಅನ್ನುತ್ತಾರೆ. ಇದಕ್ಕೆ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 15686 ಮಾನದಂಡದ 5ನೇ ಭಾಗವೇ ಇದೆ. ಮನೆಯ ಮಟ್ಟಿಗೆ ಒಂದು ನೋಟ್‌ಬುಕ್ ಸಾಕು.

ಮೊದಲು ಹಳೇ ಖರ್ಚು ಹುಡುಕಿ. ಬ್ಯಾಂಕಿನ ಆ್ಯಪ್ ತೆರೆದು ಸಿಗುವಷ್ಟು ವರ್ಷಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಯುಪಿಐ ಶುರುವಾಗಿದ್ದು 2016ರಲ್ಲಿ, ಹಾಗಾಗಿ ಪೇಂಟ್ ಅಂಗಡಿ, ಹಾರ್ಡ್‌ವೇರ್ ಅಂಗಡಿಗೆ ಕೊಟ್ಟಿದ್ದರಲ್ಲಿ ಒಂದಷ್ಟು ಅಲ್ಲಿ ಸಿಕ್ಕೀತು. ನಗದಾಗಿ ಕೊಟ್ಟ ಕೂಲಿಯನ್ನು ಮನೆಯವರನ್ನು ಕೂರಿಸಿಕೊಂಡು ನೆನಪು ಮಾಡಿ ಬರೆಯಿರಿ. ನಮ್ಮ ಮನೆಯಲ್ಲಿ ಅದೇ ಜಾಸ್ತಿ ಇತ್ತು.

ಆಮೇಲೆ, ಯಾವ ಕೆಲಸ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಅಂತ ಪಟ್ಟಿ ಮಾಡಿ. ಇಲ್ಲಿ ಪಕ್ಕದ ಊರಿನ ಅಂದಾಜು ನಡೆಯುವುದಿಲ್ಲ. ಕುಶಾಲನಗರದ ಮಳೆಯೇ ಬೇರೆ, ಭಾಗಮಂಡಲದ ಮಳೆಯೇ ಬೇರೆ ಅಲ್ವಾ?

ಈಗ ಮುಖ್ಯ ಕೆಲಸ. ಹತ್ತು ವರ್ಷದ ನಂತರದ ಖರ್ಚನ್ನು ಇವತ್ತಿನ ಬೆಲೆಗೆ ಇಳಿಸಬೇಕು. ಯಾಕೆಂದರೆ ಇವತ್ತು ಬ್ಯಾಂಕಿನಲ್ಲಿಟ್ಟ ದುಡ್ಡು ಅಷ್ಟರಲ್ಲಿ ಬಡ್ಡಿ ಸೇರಿ ಬೆಳೆದಿರುತ್ತದೆ, ಆದರೆ ಬೆಲೆಯೂ ಏರಿರುತ್ತದೆ. ಎಫ್‌ಡಿ ಬಡ್ಡಿ ಶೇ 7, ಬೆಲೆ ಏರಿಕೆ ಶೇ 4 ಅಂದುಕೊಂಡರೆ ಉಳಿಯುವುದು ಶೇ 3. ಇವತ್ತಿನ ದರದಲ್ಲಿ ಬರೆದ ಮೊತ್ತವನ್ನು ಪ್ರತಿ ವರ್ಷಕ್ಕೆ ಒಂದು ಸಲ 1.03ರಿಂದ ಭಾಗಿಸುತ್ತಾ ಹೋಗಿ. 10 ವರ್ಷದ ನಂತರದ 2 ಲಕ್ಷ ಹೀಗೆ ಸುಮಾರು 1.49 ಲಕ್ಷವಾಗುತ್ತದೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ. ಒಂದು ಛಾವಣಿಗೆ 2 ಲಕ್ಷ, 10ನೇ ವರ್ಷ ಹೊಸದಾಗಿ ಹಾಕಲು ಮತ್ತೆ 2 ಲಕ್ಷ, 5 ಮತ್ತು 15ನೇ ವರ್ಷ ಬಣ್ಣಕ್ಕೆ ತಲಾ 30 ಸಾವಿರ. ಇನ್ನೊಂದಕ್ಕೆ ಮೊದಲೇ 2.8 ಲಕ್ಷ, 20 ವರ್ಷ ಬಾಳುತ್ತದೆ, 10ನೇ ವರ್ಷ ಬಣ್ಣಕ್ಕೆ 30 ಸಾವಿರ ಮಾತ್ರ. ಎಲ್ಲವನ್ನೂ ಇವತ್ತಿನ ಬೆಲೆಗೆ ಇಳಿಸಿ ಕೂಡಿದರೆ 20 ವರ್ಷದಲ್ಲಿ ಮೊದಲನೆಯದು ಸುಮಾರು 3.94 ಲಕ್ಷ, ಎರಡನೆಯದು 3.02 ಲಕ್ಷ! 80 ಸಾವಿರ ಉಳಿಸಲು ಹೋಗಿ 90 ಸಾವಿರಕ್ಕೂ ಹೆಚ್ಚು ಕಳೆದುಕೊಂಡ ಹಾಗೆ. ಹೆಂಚು, ಒಳ್ಳೆಯ ಮರ ಬಳಸಿದ್ದರೆ ಕೊನೆಗೆ ಬಿಚ್ಚಿ ಮಾರಿದಾಗ ಬರುವ ದುಡ್ಡನ್ನೂ ಇದೇ ರೀತಿ ಇಳಿಸಿ, ಒಟ್ಟಿನಿಂದ ಕಳೆಯಿರಿ.

ಮುಂದಿನ ಲೆಕ್ಕ ಸುಲಭವಾಗಲು ಮೇಸ್ತ್ರಿಗೂ ಫೋನಿನಲ್ಲೇ ಹಣ ಹಾಕಿ. ಹಿರಿಯ ಮೇಸ್ತ್ರಿಗಳಿಗೆ ಹೆದರಿಕೆ ಇರುತ್ತದೆ, ಸಹಜ. ನಮ್ಮ ಮೇಸ್ತ್ರಿಗೆ ಮೊದಲು 10 ರೂಪಾಯಿ ಕಳುಹಿಸಿ, 'ಬಂತಾ ನೋಡಿ ಅಣ್ಣ' ಅಂದೆ. ಮೆಸೇಜು ಬಂದ ಮೇಲೆಯೇ ಅವರು ನಂಬಿದ್ದು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಯಾರಾದರೂ ಕೇಳಿದರೆ ಅದು ಮೋಸ ಅಂತಲೂ ಹೇಳಿಕೊಡಿ. ಮಳೆಗೆ ಇಂಟರ್ನೆಟ್ ಕೈಕೊಟ್ಟರೂ ಸಿಗ್ನಲ್ ಇದ್ದರೆ *99# ಒತ್ತಿ ಕಳುಹಿಸಬಹುದು, ಮೊದಲೇ ನೋಂದಾಯಿಸಿಕೊಂಡಿರಬೇಕು ಅಷ್ಟೇ. ಆ್ಯಪ್‌ನಲ್ಲಿ ಹಣ ಹಾಕುವಾಗ ಷರಾ ಬರೆಯುವ ಜಾಗವನ್ನು ಸುಮ್ನೆ ಖಾಲಿ ಬಿಡಬೇಡಿ. 'ಛಾವಣಿ ಕೂಲಿ' ಅಂತ ಎರಡು ಪದ ಬರೆಯಿರಿ.